ಚೀನಾ ಮಾಲು: ನೇರ ತರಿಸಬೇಕೋ, ಮಧ್ಯವರ್ತಿ ಹತ್ತಿರ ಕೊಳ್ಳಬೇಕೋ? ಅಡ್ವಾನ್ಸ್ ಕಳಿಸುವ ಮುಂಚಿನಿಂದ ಮಾಲು ಅಂಗಡಿ ಸೇರುವವರೆಗೆ

ಪೇಟೆಯಲ್ಲಿ ಹೋಲ್‌ಸೇಲ್ 150 ರೂಪಾಯಿಗೆ ಸಿಗುವ ಮಾಲು ಅಲಿಬಾಬಾದಲ್ಲಿ ಒಂದು ಡಾಲರ್‌ಗೆ ಕಂಡರೆ ಯಾರಿಗಾದರೂ ಆಸೆ ಆಗುತ್ತದೆ. ಆಮೇಲೆ ಹೆಚ್ಚಿನವರ ಕಥೆ ಒಂದೇ ಥರ ಸಾಗುತ್ತದೆ. ವಾಟ್ಸಾಪ್‌ನಲ್ಲಿ ಚೌಕಾಸಿ ಮಾಡುತ್ತಾರೆ. ಶೇ 30 ಅಡ್ವಾನ್ಸ್ ಕಳಿಸುತ್ತಾರೆ. ಮಾಲು ಹಡಗು ಹತ್ತಿದ ಮೇಲೆ ಕ್ಲಿಯರಿಂಗ್ ಏಜೆಂಟನ್ನು ಹುಡುಕುತ್ತಾರೆ. ಮಾಲು ಚೆನ್ನೈ ಮುಟ್ಟಿದ ಮೇಲೆ ಅವನಿಂದ ಫೋನು ಬರುತ್ತದೆ: ‘ಸಾರ್, ಇದಕ್ಕೆ ಬಿಐಎಸ್ ಬೇಕಲ್ಲ?’

ಬಿಐಎಸ್ ಅಂದರೆ ಮಾಲಿನ ಗುಣಮಟ್ಟಕ್ಕೆ ಬೇಕಾದ ಸರ್ಕಾರಿ ಪ್ರಮಾಣಪತ್ರ. ಅಲ್ಲಿಗೆ ದುಡ್ಡೂ ಹೋಗಿರುತ್ತದೆ, ಗೋದಾಮಿನ ಬಾಡಿಗೆಯೂ ಓಡುತ್ತಿರುತ್ತದೆ. ಮಾಡಿದ ಕೆಲಸಗಳಲ್ಲಿ ಒಂದೂ ತಪ್ಪಿರಲಿಲ್ಲ, ಎಲ್ಲ ಹಿಂದುಮುಂದಾಗಿತ್ತು ಅಷ್ಟೆ. ಅದಕ್ಕೇ ಈ ಬರಹದಲ್ಲಿ ಕ್ರಮಕ್ಕೆ ಜಾಸ್ತಿ ಒತ್ತು. ಉದಾಹರಣೆಗೆ ಕೇಕ್ ಮಾಡುವ ಸಾಮಾನು ಮಾರುವ ಒಂದು ಸಣ್ಣ ಅಂಗಡಿ ತೆಗೆದುಕೊಳ್ಳೋಣ. ಅದು ಚೀನಾದಿಂದ ಸಿಲಿಕೋನ್ ಕೇಕ್ ಅಚ್ಚು ತರಿಸಬೇಕು ಅಂದುಕೊಂಡಿದೆ.

ಶುರು ಮಾಡುವ ಮುಂಚೆ ಕೈಯಲ್ಲಿ ಇರಬೇಕಾದದ್ದು

ವ್ಯವಹಾರದ ಪ್ಯಾನ್, ಜಿಎಸ್‌ಟಿ ನೋಂದಣಿ, ವಿದೇಶಿ ಪಾವತಿ ಮಾಡುವ ಶಾಖೆಯಲ್ಲಿ ಕರೆಂಟ್ ಖಾತೆ, ಒಂದು ಎಕ್ಸೆಲ್ ಹಾಳೆ. ಇವೆಲ್ಲಕ್ಕಿಂತ ಮುಖ್ಯವಾಗಿ ಒಬ್ಬ ಕಸ್ಟಮ್ಸ್ ಬ್ರೋಕರ್, ಅಂದರೆ ಮೇಲೆ ಹೇಳಿದ ಕ್ಲಿಯರಿಂಗ್ ಏಜೆಂಟ್. ಪೇಟೆಯಲ್ಲಿ ಇವರನ್ನು ಸಿಎಚ್‌ಎ ಅಂತಲೇ ಕರೆಯುತ್ತಾರೆ. ಸಪ್ಲೈಯರ್ ಸಿಗುವ ಮುಂಚೆಯೇ ಇವರು ಸಿಕ್ಕಿರಬೇಕು.

ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರು ಇಲ್ಲೇ ಒಂದು ಕ್ಷಣ ನಿಲ್ಲಿ. ಆಮದಿನ ಮೇಲೆ ಕಟ್ಟುವ ಐಜಿಎಸ್‌ಟಿ ನಿಮಗೆ ವಾಪಸ್ ಸಿಗುವುದಿಲ್ಲ, ಅದು ನೇರ ಖರ್ಚು. ಮೊದಲು ನಿಮ್ಮ ಆಡಿಟರ್ ಹತ್ತಿರ ಮಾತಾಡಿ.

ಹಂತ 1: ಆ ಮಾಲನ್ನು ತರಬಹುದೇ ನೋಡಿ

ಬೆಲೆ ಕೇಳುವ ಮುಂಚಿನ ಕೆಲಸ ಇದು. ಮಾಲಿನ ಫೋಟೊ, ಯಾವುದರಿಂದ ಮಾಡಿದ್ದು, ಏನಕ್ಕೆ ಬಳಸುವುದು ಎಂಬುದನ್ನು ಸಿಎಚ್‌ಎಗೆ ಕಳಿಸಿ. ಮೂರು ಪ್ರಶ್ನೆ ಕೇಳಿ. ಮಾಲು ಯಾವ ವರ್ಗದ್ದು ಅಂತ ಹೇಳುವ 8 ಅಂಕಿಯ ಎಚ್‌ಎಸ್ ಕೋಡ್ ಯಾವುದು? ಡ್ಯೂಟಿ ಎಷ್ಟು, ಆ್ಯಂಟಿ ಡಂಪಿಂಗ್ ಡ್ಯೂಟಿ (ತೀರಾ ಅಗ್ಗಕ್ಕೆ ಬರುವ ವಿದೇಶಿ ಮಾಲಿನ ಮೇಲೆ ಹಾಕುವ ಹೆಚ್ಚುವರಿ ಸುಂಕ) ಇದೆಯಾ? ಯಾವ ಇಲಾಖೆಯ ಅನುಮತಿ ಬೇಕು?

ಮೂರನೆಯ ಪ್ರಶ್ನೆಯಲ್ಲೇ ಬಹಳ ಜನ ಸೋಲುವುದು. ಆಟಿಕೆಗಳಿಗೆ 2021ರಿಂದ ಬಿಐಎಸ್ ಕಡ್ಡಾಯ, ಮೂಲ ಡ್ಯೂಟಿಯನ್ನೂ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿದರು. ಪವರ್ ಬ್ಯಾಂಕ್, ಮೊಬೈಲ್ ಚಾರ್ಜರ್, ಎಲ್‌ಇಡಿ ದೀಪಗಳಿಗೆ ಬಿಐಎಸ್ ನೋಂದಣಿ ಬೇಕು. ಬ್ಲೂಟೂತ್, ವೈಫೈ ಇದ್ದರೆ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ಅನುಮೋದನೆ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ಸೌಂದರ್ಯವರ್ಧಕಕ್ಕೆ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒದ ನೋಂದಣಿ. ಎಲೆಕ್ಟ್ರಾನಿಕ್ ಮಾಲಿಗೆ ಇ-ತ್ಯಾಜ್ಯದ ಇಪಿಆರ್ (ಬಿಸಾಡಿದ ಮಾಲಿನ ವಿಲೇವಾರಿ ಹೊಣೆ) ನೋಂದಣಿಯೂ ಸೇರಿಕೊಳ್ಳುತ್ತದೆ. ಬಿಐಎಸ್ ಪಟ್ಟಿಗೆ ಹೊಸ ಹೊಸ ವಸ್ತು ಸೇರುತ್ತಲೇ ಇರುತ್ತವೆ. ಹೋದ ವರ್ಷ ಪಕ್ಕದ ಅಂಗಡಿಯವರು ತರಿಸಿದ್ದರು ಅನ್ನುವುದು ಈ ವರ್ಷಕ್ಕೆ ಲೆಕ್ಕಕ್ಕಿಲ್ಲ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಬಿಐಎಸ್ ಸಿಗುವುದು ಮಾಲು ತಯಾರಿಸುವ ವಿದೇಶಿ ಫ್ಯಾಕ್ಟರಿಗೆ, ತರಿಸುವ ನಿಮಗಲ್ಲ. ಫ್ಯಾಕ್ಟರಿ ಹತ್ತಿರ ಅದು ಇಲ್ಲದಿದ್ದರೆ ನೀವು ಇಲ್ಲಿ ಎಷ್ಟು ಓಡಾಡಿದರೂ ಮಾಲು ಹೊರಗೆ ಬರುವುದಿಲ್ಲ. ಎಲೆಕ್ಟ್ರಾನಿಕ್ಸ್‌ನಲ್ಲಿ ನೋಂದಣಿ ಬ್ರ್ಯಾಂಡ್‌ಗೂ ಅಂಟಿಕೊಂಡಿರುತ್ತದೆ. ‘ಸರ್ಟಿಫಿಕೇಟ್ ಇದೆ’ ಅಂತ ಸಪ್ಲೈಯರ್ ಪಿಡಿಎಫ್ ಕಳಿಸಿದರೆ ಅದರ ನಂಬರನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ನೋಡಿ. ಫ್ಯಾಕ್ಟರಿ ಹೆಸರು, ವಿಳಾಸ, ಬ್ರ್ಯಾಂಡ್ ಮೂರೂ ತಾಳೆ ಆಗಬೇಕು. ಯುರೋಪಿನ ಸಿಇ, ಆರ್‌ಒಎಚ್‌ಎಸ್ ಗುರುತುಗಳು ಬಿಐಎಸ್ ಬದಲಿಗೆ ನಡೆಯುವುದಿಲ್ಲ.

ಎಚ್ಚರಿಕೆಯ ಗುರುತು: ‘ಬೇರೆ ಕೋಡ್ ಹಾಕಿ ತೆಗೆಸಿಕೊಡುತ್ತೇನೆ’ ಅನ್ನುವ ಏಜೆಂಟ್. ಸಿಕ್ಕಿಬಿದ್ದರೆ ಮಾಲು ಹೋಗುವುದೂ ನಿಮ್ಮದು, ದಂಡ ಕಟ್ಟುವುದೂ ನೀವೇ.

ಹಂತ 2: ಬಿಲ್ ಆಫ್ ಎಂಟ್ರಿ ಯಾರ ಹೆಸರಲ್ಲಿ ಅಂತ ಕೇಳಿ

ಮಧ್ಯವರ್ತಿ ಅಂದರೆ ಒಂದೇ ಜಾತಿಯಲ್ಲ. ಕನಿಷ್ಠ ಐದು ಥರದವರಿದ್ದಾರೆ. ಒಬ್ಬೊಬ್ಬರ ಹತ್ತಿರವೂ ನಿಮ್ಮ ಅಪಾಯ ಬೇರೆ. ಬೇರ್ಪಡಿಸಿ ನೋಡಲು ಒಂದೇ ಪ್ರಶ್ನೆ ಸಾಕು: ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ಆಮದುದಾರ ಅಂತ ಯಾರ ಹೆಸರಿರುತ್ತದೆ?

ಇಲ್ಲಿನ ಆಮದು ವ್ಯಾಪಾರಿ: ಬೆಂಗಳೂರಿನ ಚಿಕ್ಕಪೇಟೆ, ಎಸ್‌ಪಿ ರೋಡ್, ಚೆನ್ನೈನ ಪ್ಯಾರಿಸ್ ಕಾರ್ನರ್, ಮುಂಬಯಿ, ದೆಹಲಿಯ ಸಗಟು ಮಾರುಕಟ್ಟೆಗಳಲ್ಲಿ ಕೂತವರು. ಅವರ ಹೆಸರಲ್ಲೇ ಬಂದಿರುತ್ತದೆ. ನೀವು ಜಿಎಸ್‌ಟಿ ಬಿಲ್ ಪಡೆದು ಕೊಳ್ಳುತ್ತೀರಿ. ಬೆಲೆ ಜಾಸ್ತಿ, ಆದರೆ ಮಾಲನ್ನು ಕಣ್ಣಾರೆ ನೋಡಬಹುದು, 20 ಪೀಸ್ ಕೂಡ ಸಿಗುತ್ತದೆ.

ಚೀನಾದ ಟ್ರೇಡಿಂಗ್ ಕಂಪನಿ: ಫ್ಯಾಕ್ಟರಿ ಅಂತ ಹೇಳಿಕೊಳ್ಳುತ್ತಾರೆ, ಅಲ್ಲ. ಆಮದುದಾರ ನೀವೇ. ಹತ್ತು ಥರದ ಮಾಲನ್ನು ಸ್ವಲ್ಪ ಸ್ವಲ್ಪ ಕೂಡಿಸಿ ಕೊಡಲು ಇವರೇ ಅನುಕೂಲ. ಹಾಗಾಗಿ ಟ್ರೇಡಿಂಗ್ ಕಂಪನಿ ಅಂದ ಕೂಡಲೇ ಓಡಿಹೋಗಬೇಡಿ.

ಸೋರ್ಸಿಂಗ್ ಏಜೆಂಟ್: ಚೀನಾದ ಯಿವು, ಗ್ವಾಂಗ್‌ಝೌನಲ್ಲಿ ಕೂತು ನಿಮ್ಮ ಪರವಾಗಿ ಹುಡುಕಿ, ಪರೀಕ್ಷಿಸಿ, ಒಟ್ಟುಗೂಡಿಸಿ ಕಳಿಸುವವರು. ಕಮಿಷನ್ ಸಾಮಾನ್ಯವಾಗಿ ಶೇ 5ರಿಂದ 10. ಫ್ಯಾಕ್ಟರಿಯ ಮೂಲ ಬಿಲ್ ತೋರಿಸುತ್ತಾರಾ ಕೇಳಿ. ತೋರಿಸಲ್ಲ ಅಂದರೆ ಕಮಿಷನ್ ಎರಡೂ ಕಡೆಯಿಂದ ಹೋಗುತ್ತಿದೆ ಅಂತ ಅಂದುಕೊಳ್ಳಬಹುದು.

ಹೈ ಸೀಸ್ ಮಾರಾಟಗಾರ: ಮಾಲು ಹಡಗಿನಲ್ಲಿ ಇರುವಾಗಲೇ ಕರಾರು ಮಾಡಿಕೊಂಡು ನಿಮಗೆ ಮಾರುತ್ತಾರೆ. ಡ್ಯೂಟಿ ಕಟ್ಟಿ ಬಿಡಿಸಿಕೊಳ್ಳುವುದು ನಿಮ್ಮ ಹೆಸರಲ್ಲಿ. ಸಪ್ಲೈಯರ್ ತಲೆನೋವು ಅವರದು, ಕಸ್ಟಮ್ಸ್ ಅನುಭವ ನಿಮ್ಮದು. ನೇರ ಆಮದು ಕಲಿಯಲು ನನಗೆ ತುಂಬ ಇಷ್ಟವಾದ ದಾರಿ ಇದು. ಯಾಕೋ ಸಣ್ಣ ವ್ಯಾಪಾರಿಗಳು ಇದನ್ನು ಕೇಳುವುದೇ ಇಲ್ಲ.

ಕೊನೆಗೆ ‘ಡೋರ್ ಟು ಡೋರ್’ ಕಾರ್ಗೊ: ಕೆ.ಜಿ.ಗೆ ಇಷ್ಟು, ಎಲ್ಲ ಸೇರಿ, ಮಾಲು ನಿಮ್ಮ ಅಂಗಡಿ ಬಾಗಿಲಿಗೆ ಅನ್ನುತ್ತಾರೆ. ಕೇಳಲು ಹಿತ. ಆದರೆ ಬಿಲ್ ಆಫ್ ಎಂಟ್ರಿ ಯಾರದ್ದೋ ಹೆಸರಲ್ಲಿ ಇರುತ್ತದೆ, ನಿಮ್ಮ ಮಾಲಿನ ವಿವರ ಅದರಲ್ಲಿ ಇದೆಯೋ ಇಲ್ಲವೋ ನಿಮಗೆ ತಿಳಿಯುವುದಿಲ್ಲ. ಐಜಿಎಸ್‌ಟಿ ಕ್ರೆಡಿಟ್ ಸಿಗುವುದಿಲ್ಲ. 50,000 ರೂಪಾಯಿ ದಾಟಿದ ಮಾಲು ರಸ್ತೆಯಲ್ಲಿ ಸಿಕ್ಕಿಬಿದ್ದಾಗ ತೋರಿಸಲು ಸರಿಯಾದ ಬಿಲ್ಲೂ ಇರಲ್ಲ, ಇ-ವೇ ಬಿಲ್ಲೂ ಇರಲ್ಲ. ಮಾಲು ಕಳೆದುಹೋದರೆ ಕೇಳಲು ನಿಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ. ಬಿಲ್ ಇಲ್ಲದ ಈ ದಾರಿಗೆ ಹೋಗಬೇಡಿ ಅಂತ ನೇರವಾಗಿಯೇ ಹೇಳುತ್ತೇನೆ.

ಹಂತ 3: ಮಾಲು ಅಂಗಡಿ ಸೇರುವ ಬೆಲೆ ಹಾಕಿ

ಅಲಿಬಾಬಾ ಬೆಲೆಯನ್ನು ಪೇಟೆ ಬೆಲೆಗೆ ಹೋಲಿಸಬೇಡಿ. ಲ್ಯಾಂಡಿಂಗ್ ಕಾಸ್ಟನ್ನು ಹೋಲಿಸಿ. ಕೆಳಗಿನ ಡ್ಯೂಟಿ ದರ, ಡಾಲರ್ ದರ, ಬಾಡಿಗೆ ಎಲ್ಲ ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು. ನಿಮ್ಮ ಮಾಲಿಗೆ ನಿಮ್ಮದೇ ಅಂಕಿ ಹಾಕಿಕೊಳ್ಳಿ.

2,000 ಅಚ್ಚು, ಒಂದಕ್ಕೆ 1 ಡಾಲರ್, ಎಫ್‌ಒಬಿ, ಅಂದರೆ ಮಾಲು ಅಲ್ಲಿ ಹಡಗು ಹತ್ತುವವರೆಗಿನ ಬೆಲೆ. ಡಾಲರ್‌ಗೆ 90 ರೂಪಾಯಿ ಹಿಡಿದರೆ 1,80,000. ಹಡಗಿನ ಬಾಡಿಗೆ 12,000, ವಿಮೆ 2,000. ಒಟ್ಟು 1,94,000. ಕಸ್ಟಮ್ಸ್ ಡ್ಯೂಟಿ ಹಾಕುವುದು ಈ ಮೊತ್ತದ ಮೇಲೆ. ಬಾಡಿಗೆ, ವಿಮೆಯ ದಾಖಲೆ ಇಲ್ಲದಿದ್ದರೆ ಕಸ್ಟಮ್ಸ್‌ನವರು ಎಫ್‌ಒಬಿಯ ಶೇ 20ನ್ನು ಬಾಡಿಗೆ, ಶೇ 1.125ನ್ನು ವಿಮೆ ಅಂತ ಸೇರಿಸುತ್ತಾರೆ. ಚೀಟಿ ಇಟ್ಟುಕೊಳ್ಳುವುದು ಲಾಭ.

ಮೂಲ ಡ್ಯೂಟಿ ಶೇ 10 ಅಂದುಕೊಂಡರೆ 19,400. ಅದರ ಮೇಲೆ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, 1,940. ಈಗ ಮೊತ್ತ 2,15,340. ಇದರ ಮೇಲೆ ಶೇ 18 ಐಜಿಎಸ್‌ಟಿ, ಸುಮಾರು 38,760. ಐಜಿಎಸ್‌ಟಿ ಮುಂದೆ ಕ್ರೆಡಿಟ್ ಆಗಿ ಸಿಗುತ್ತದೆ, ಆದರೆ ಅವತ್ತು ಕೈಯಿಂದ ಕಟ್ಟಲೇಬೇಕು.

ಇನ್ನು ಮರೆತುಹೋಗುವ ಖರ್ಚು. ಡೆಲಿವರಿ ಆರ್ಡರ್ (ಮಾಲು ಬಿಡಿಸಿಕೊಳ್ಳಲು ಸಾಗಣೆಯವರು ಕೊಡುವ ಚೀಟಿ) ಮತ್ತು ಬಂದರಿನ ಗೋದಾಮು 28,000, ಸಿಎಚ್‌ಎ 8,000, ಚೆನ್ನೈನಿಂದ ಲಾರಿ 9,000, ಬ್ಯಾಂಕ್ 3,000, ಫ್ಯಾಕ್ಟರಿಯಲ್ಲಿ ಪರಿಶೀಲನೆ 15,000, ಸ್ಯಾಂಪಲ್ 5,000. ಒಟ್ಟು 68,000.

ಐಜಿಎಸ್‌ಟಿ ಬಿಟ್ಟು ಖರ್ಚು 2,83,340. ಶೇ 3 ಡ್ಯಾಮೇಜ್ ಕಳೆದರೆ 1,940 ಪೀಸ್ ಉಳಿಯುತ್ತದೆ. ಒಂದಕ್ಕೆ 146 ರೂಪಾಯಿ. ಪೇಟೆಯಲ್ಲಿ ಜಿಎಸ್‌ಟಿ ಬಿಟ್ಟು 150ಕ್ಕೆ ಸಿಗುತ್ತಿತ್ತು! ನಾಲ್ಕು ರೂಪಾಯಿ ಉಳಿಸಲು ಮೂರು ತಿಂಗಳು ದುಡ್ಡು ಹೂಡಿ ಕೂತಂತಾಯಿತು.

ಅದೇ 10,000 ಪೀಸ್ ತರಿಸಿದರೆ? ಎಫ್‌ಒಬಿ 9,00,000, ಬಾಡಿಗೆ 60,000, ವಿಮೆ 10,000, ಡ್ಯೂಟಿ ಮತ್ತು ಸರ್ಚಾರ್ಜ್ 1,06,700, ಉಳಿದ ಖರ್ಚು ಸುಮಾರು 1,29,000. ಒಟ್ಟು 12,05,700. ಶೇ 3 ಡ್ಯಾಮೇಜ್ ಕಳೆದು ಪೀಸಿಗೆ 124. ಈಗ 26 ರೂಪಾಯಿ ಉಳಿತಾಯ, ಇದು ಕೆಲಸಕ್ಕೆ ಬರುವ ಅಂತರ. ಜೊತೆಗೆ ಐಜಿಎಸ್‌ಟಿಗೆ ಅಂತ ಇನ್ನೂ ಹತ್ತಿರ ಹತ್ತಿರ 1,94,000 ರೂಪಾಯಿ ಬೇರೆ ತೆಗೆದಿಟ್ಟಿರಬೇಕು.

ಹಂತ 4: ತೀರ್ಮಾನ ಮಾಡಿ, ಒಂದೊಂದು ಮಾಲಿಗೆ ಬೇರೆ ಬೇರೆ

‘ನನ್ನ ಅಂಗಡಿ ನೇರ ತರಿಸಬೇಕಾ’ ಅನ್ನುವ ಪ್ರಶ್ನೆಗೆ ಉತ್ತರವೇ ಇಲ್ಲ. ‘ಈ ಅಚ್ಚನ್ನು ನೇರ ತರಿಸಬೇಕಾ’ ಅಂತ ಕೇಳಿದರೆ ಉತ್ತರ ಸಿಗುತ್ತದೆ. ಒಂದೇ ಅಂಗಡಿ ಎರಡು ಮಾಲನ್ನು ನೇರ ತರಿಸಿ, ಇನ್ನೂರು ಮಾಲನ್ನು ಚಿಕ್ಕಪೇಟೆಯಲ್ಲಿ ಕೊಳ್ಳಬಹುದು.

ನೇರ ತರಿಸಲು ನಾನು ಹಾಕುವ ಷರತ್ತು ನಾಲ್ಕು. ಆ ಮಾಲನ್ನು ಇಲ್ಲೇ ಕೊಂಡು ಮಾರಿ ಅದರ ಓಟ ನೋಡಿರಬೇಕು. ತರಿಸುವಷ್ಟು ಮಾಲು ಆರು ತಿಂಗಳಲ್ಲಿ ಖಾಲಿ ಆಗುವಂತಿರಬೇಕು. ಲ್ಯಾಂಡಿಂಗ್ ಕಾಸ್ಟ್ ಇಲ್ಲಿನ ಬೆಲೆಗಿಂತ ಕನಿಷ್ಠ ಶೇ 15 ಕಡಿಮೆ ಇರಬೇಕು, ಯಾಕೆಂದರೆ ಡಾಲರ್ ಏರುತ್ತದೆ, ಹಡಗು ತಡವಾಗುತ್ತದೆ. ಮತ್ತೆ, ಆ ಇಡೀ ದುಡ್ಡು ಮುಳುಗಿದರೂ ಅಂಗಡಿ ಬಾಡಿಗೆ, ಸಂಬಳ ನಡೆಯಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಮಧ್ಯವರ್ತಿಯೇ ವಾಸಿ.

ಮಧ್ಯವರ್ತಿ ಹತ್ತಿರ ಕೊಳ್ಳುವುದಾದರೆ ಅಲ್ಲಿಯೂ ಕೆಲಸ ಇದೆ. ಪಕ್ಕಾ ಜಿಎಸ್‌ಟಿ ಬಿಲ್ ತೆಗೆದುಕೊಳ್ಳಿ. ಪ್ಯಾಕೆಟ್ ಮೇಲೆ ಆಮದುದಾರನ ಹೆಸರು, ವಿಳಾಸ, ಯಾವ ದೇಶದ್ದು, ಎಂಆರ್‌ಪಿ ಇದೆಯಾ ನೋಡಿ. ಬಿಐಎಸ್ ನಂಬರ್ ಇದ್ದರೆ ಆ್ಯಪ್‌ನಲ್ಲಿ ಪರೀಕ್ಷಿಸಿ. ಡ್ಯಾಮೇಜ್ ವಾಪಸಾತಿ ಎಷ್ಟು ದಿನದೊಳಗೆ ಅಂತ ಬಿಲ್ ಮೇಲೇ ಬರೆಸಿ. ಇವರು ತಿಂಗಳ ಉದ್ದರಿ ಕೊಡುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ತಗೊಳ್ಳಿ. ಚೀನಾದವನು ನಿಮಗೆ ಉದ್ದರಿ ಕೊಡಲ್ಲ, ಅಲ್ವಾ?

ಇಲ್ಲಿಂದ ಮುಂದಿನದು ನೇರ ತರಿಸುವವರಿಗೆ.

ಹಂತ 5: ಕಾಗದ ಪತ್ರ

ವಿದೇಶ ವ್ಯಾಪಾರ ನೋಡಿಕೊಳ್ಳುವ ಡಿಜಿಎಫ್‌ಟಿಯ ವೆಬ್‌ಸೈಟಿನಲ್ಲಿ ಐಇಸಿ, ಅಂದರೆ ಆಮದು-ರಫ್ತು ಕೋಡ್ ಮಾಡಿಸಿ. ಸರ್ಕಾರಿ ಶುಲ್ಕ 500 ರೂಪಾಯಿ, ಪ್ಯಾನ್ ನಂಬರೇ ಐಇಸಿ ನಂಬರ್. ಸಾವಿರಾರು ರೂಪಾಯಿ ಕೇಳುವ ದಲ್ಲಾಳಿ ಇದಕ್ಕೆ ಬೇಡ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ಖಚಿತಪಡಿಸಬೇಕು, ಏನೂ ಬದಲಾಗದಿದ್ದರೂ. ಮರೆತರೆ ಐಇಸಿ ನಿಷ್ಕ್ರಿಯ ಆಗುತ್ತದೆ. ಗೊತ್ತಾಗುವುದು ಮಾಲು ಬಂದರಿನಲ್ಲಿ ಇದ್ದಾಗ.

ಬ್ಯಾಂಕಿನಿಂದ ಎಡಿ ಕೋಡ್ (ವಿದೇಶಿ ವ್ಯವಹಾರಕ್ಕೆ ನಿಮ್ಮ ಶಾಖೆಯ ಗುರುತು) ಪತ್ರ ಪಡೆದು ಕಸ್ಟಮ್ಸ್‌ನ ಪೋರ್ಟಲ್ ಐಸ್‌ಗೇಟ್‌ನಲ್ಲಿ ನೋಂದಣಿ ಮಾಡಿ. ಪೊಟ್ಟಣ ಕಟ್ಟಿದ ಮಾಲು ತರುವವರು ಲೀಗಲ್ ಮೆಟ್ರಾಲಜಿ (ತೂಕ-ಅಳತೆ) ಇಲಾಖೆಯಲ್ಲಿ ಆಮದುದಾರ ಅಂತ ನೋಂದಾಯಿಸಬೇಕು. ಪ್ಲಾಸ್ಟಿಕ್ ಪ್ಯಾಕಿಂಗ್ ಇದ್ದರೆ ಅದರ ಇಪಿಆರ್ ಬಗ್ಗೆಯೂ ಸಿಎಚ್‌ಎಗೆ ಕೇಳಿ.

ಹಂತ 6: ಸಪ್ಲೈಯರ್ ಯಾರು ಅಂತ ತಿಳಿದುಕೊಳ್ಳಿ

ಚೀನೀ ಭಾಷೆಯಲ್ಲಿರುವ ಬಿಸಿನೆಸ್ ಲೈಸೆನ್ಸ್ ಪ್ರತಿ ಕೇಳಿ. ಅದರಲ್ಲಿ 18 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರುತ್ತದೆ. ಚೀನಾ ಸರ್ಕಾರದ ಕಂಪನಿ ಮಾಹಿತಿ ಜಾಲತಾಣದಲ್ಲಿ ಅದನ್ನು ಹುಡುಕಬಹುದು. ಮೊಬೈಲ್‌ನ ಅನುವಾದ ಆ್ಯಪ್ ಹಿಡಿದರೆ ಓದಲು ಆಗುತ್ತದೆ. ವ್ಯವಹಾರದ ವ್ಯಾಪ್ತಿಯಲ್ಲಿ ತಯಾರಿಕೆ ಅಂತ ಇದೆಯೋ, ಬರೀ ಮಾರಾಟ ಅಂತ ಇದೆಯೋ ನೋಡಿ.

ಆಮೇಲೆ ಮುಂಚೆ ಹೇಳದೆ ವಿಡಿಯೊ ಕಾಲ್ ಮಾಡಿ, ಯಂತ್ರದ ಹತ್ತಿರ ಹೋಗಿ ತೋರಿಸಲು ಹೇಳಿ. ಶೋರೂಮ್ ಮಾತ್ರ ತೋರಿಸುತ್ತಿದ್ದರೆ ಅದು ಫ್ಯಾಕ್ಟರಿಯಲ್ಲ. ದೊಡ್ಡ ಮಟ್ಟದಲ್ಲಿ ಮಾಡುವವರು ಗ್ವಾಂಗ್‌ಝೌನ ಕ್ಯಾಂಟನ್ ಮೇಳಕ್ಕೆ ಹೋಗಿ ಬರಬಹುದು, ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಮೊದಲ ಆರ್ಡರ್‌ಗೇ ಹೋಗುವ ಅಗತ್ಯ ಇಲ್ಲ.

ಹಂತ 7: ಸ್ಯಾಂಪಲ್, ನಂತರ ಪ್ರೊಫಾರ್ಮಾ ಇನ್‌ವಾಯ್ಸ್

ಸ್ಯಾಂಪಲ್ ಎರಡು ತರಿಸಿ. ಒಂದನ್ನು ಹಾಳಾಗುವವರೆಗೆ ಬಳಸಿ. ಕೇಕ್ ಅಚ್ಚಾದರೆ ಓವನ್‌ನಲ್ಲಿಟ್ಟು ವಾಸನೆ ಬರುತ್ತದೋ, ಬಣ್ಣ ಬಿಡುತ್ತದೋ ನೋಡಿ. ಇನ್ನೊಂದಕ್ಕೆ ಸಹಿ, ದಿನಾಂಕ ಹಾಕಿ ಎತ್ತಿಡಿ. ಮುಂದೆ ಮಾಲು ಬಂದಾಗ ತಾಳೆ ನೋಡಲು ಅದೇ ಆಧಾರ.

ಪ್ರೊಫಾರ್ಮಾದಲ್ಲಿ, ಅಂದರೆ ಸಪ್ಲೈಯರ್ ಮೊದಲೇ ಕೊಡುವ ಕರಡು ಬಿಲ್ಲಿನಲ್ಲಿ, ಅಳತೆ, ತೂಕ, ಬಣ್ಣ, ಪೆಟ್ಟಿಗೆಗೆ ಎಷ್ಟು, ತಯಾರಿಗೆ ಎಷ್ಟು ದಿನ, ಕೆಟ್ಟ ಮಾಲಿಗೆ ಏನು ಪರಿಹಾರ ಎಲ್ಲ ಇರಬೇಕು. ‘ಫೋಟೊದಲ್ಲಿ ಇರುವ ಹಾಗೆ’ ಅನ್ನುವ ಒಂದು ಸಾಲು ನಂಬಿ ಕೂರಬೇಡಿ. ಲೇಬಲ್‌ನ ಮಾತನ್ನೂ ಇಲ್ಲೇ ಮುಗಿಸಿ. ನಿಮ್ಮ ಹೆಸರು-ವಿಳಾಸ, ದೇಶ, ತಿಂಗಳು-ವರ್ಷ, ಎಂಆರ್‌ಪಿ, ಒಳಗೆ ಎಷ್ಟು ಪೀಸ್, ಗ್ರಾಹಕ ಸೇವೆಯ ಫೋನು, ಇವಿಷ್ಟನ್ನು ಫ್ಯಾಕ್ಟರಿಯಲ್ಲೇ ಪ್ಯಾಕೆಟ್ ಮೇಲೆ ಅಚ್ಚು ಹಾಕಿಸಿದರೆ ಬಂದರಿನಲ್ಲಿ ಕೂಲಿ ಕೊಟ್ಟು ಸ್ಟಿಕರ್ ಅಂಟಿಸುವುದು ತಪ್ಪುತ್ತದೆ. ಮರದ ಪ್ಯಾಲೆಟ್ ಇದ್ದರೆ ಐಎಸ್‌ಪಿಎಂ 15 ಮುದ್ರೆ (ಮರದಲ್ಲಿ ಹುಳು ಇರದಂತೆ ಸಂಸ್ಕರಿಸಿದ ಗುರುತು) ಇರಲಿ.

ಬೆಲೆಯನ್ನು ಎಫ್‌ಒಬಿಯಲ್ಲೇ ಕೇಳಿ, ಸಿಐಎಫ್ (ಹಡಗಿನ ಬಾಡಿಗೆ, ವಿಮೆ ಸೇರಿದ ಬೆಲೆ) ಬೇಡ. ಸಿಐಎಫ್ ಆದರೆ ಹಡಗಿನ ವ್ಯವಸ್ಥೆ ಸಪ್ಲೈಯರ್ ಕೈಯಲ್ಲಿ. ಅವನಿಗೆ ಅತಿ ಕಡಿಮೆಗೆ ಸಾಗಿಸುವ ಫಾರ್ವರ್ಡರ್ ಸಿಗುತ್ತಾನೆ. ಕೆಲವೊಮ್ಮೆ ಬಿಡಿ ಮಾಲಿನ ಬಾಡಿಗೆ ಸೊನ್ನೆ ಅಂತಲೂ ಹೇಳುತ್ತಾರೆ. ಆ ಸೊನ್ನೆಯನ್ನೆಲ್ಲ ಚೆನ್ನೈನಲ್ಲಿ ಡೆಲಿವರಿ ಆರ್ಡರ್ ಬಿಲ್ಲಿನಲ್ಲಿ ನಿಮ್ಮಿಂದ ವಸೂಲಿ ಮಾಡುತ್ತಾರೆ. ನಿಮ್ಮದೇ ಫಾರ್ವರ್ಡರ್ ಇಟ್ಟುಕೊಂಡು, ಇಲ್ಲಿನ ಖರ್ಚಿನ ಪ್ರತಿ ಸಾಲನ್ನೂ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಹಂತ 8: ಪಾವತಿ

ರೂಢಿ ಏನೆಂದರೆ ಶೇ 30 ಅಡ್ವಾನ್ಸ್, ಉಳಿದ 70 ಮಾಲು ಹಡಗು ಹತ್ತಿದ ಮೇಲೆ ಬಿಲ್ ಆಫ್ ಲೇಡಿಂಗ್ (ಹಡಗಿನವರು ಮಾಲು ಪಡೆದ ರಸೀದಿ) ಪ್ರತಿ ನೋಡಿ. ಮೊದಲೇ ನೂರಕ್ಕೆ ನೂರು ಕೇಳಿದರೆ ಬಿಡಿ. ದುಡ್ಡು ಬ್ಯಾಂಕಿನ ಮೂಲಕವೇ ಹೋಗಲಿ, ಪ್ರೊಫಾರ್ಮಾದಲ್ಲಿರುವ ಕಂಪನಿಯ ಹೆಸರಿನ ಖಾತೆಗೇ ಹೋಗಲಿ.

ಹುಷಾರಾಗಿರಬೇಕಾದ ಕಡೆ ಮೂರು. ಖಾಸಗಿ ವ್ಯಕ್ತಿಯ ಖಾತೆ ಕೊಟ್ಟರೆ ಕಳಿಸಬೇಡಿ. ಎರಡನೆಯ ಕಂತಿನ ಹೊತ್ತಿಗೆ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಅಂತ ಇಮೇಲ್ ಬಂದರೆ, ಅದು ಹ್ಯಾಕ್ ಆದ ಇಮೇಲ್ ಅಂತಲೇ ಮೊದಲು ಅನುಮಾನಿಸಿ. ಹಳೆಯ ನಂಬರಿಗೆ ವಿಡಿಯೊ ಕಾಲ್ ಮಾಡಿ ಮುಖ ನೋಡಿ ಕೇಳಿ. ‘ಬಿಲ್ಲಿನಲ್ಲಿ ಅರ್ಧ ಬೆಲೆ ತೋರಿಸುತ್ತೇನೆ, ಉಳಿದದ್ದು ಬೇರೆ ದಾರಿಯಲ್ಲಿ ಕೊಡಿ’ ಅನ್ನುವ ಮಾತಿಗೆ ಒಪ್ಪಬೇಡಿ. ಅದೇ ಮಾಲು ಬೇರೆಯವರು ಎಷ್ಟಕ್ಕೆ ತರಿಸಿದ್ದಾರೆ ಅನ್ನುವ ದಾಖಲೆ ಕಸ್ಟಮ್ಸ್ ಹತ್ತಿರ ಇರುತ್ತದೆ.

ಹಂತ 9: ಹಡಗು ಹತ್ತುವ ಮುಂಚೆ ಪರೀಕ್ಷೆ

ಉಳಿದ 70 ಕೊಡುವ ಮುಂಚೆ ಮೂರನೆಯವರಿಂದ ಪರಿಶೀಲನೆ ಮಾಡಿಸಿ. ಒಂದು ದಿನದ ಕೆಲಸಕ್ಕೆ ನೂರರಿಂದ ಮುನ್ನೂರು ಡಾಲರ್ ಒಳಗೆ ಆಗುತ್ತದೆ. ಪೆಟ್ಟಿಗೆ ಒಡೆದು ಎಣಿಸಿ, ಅಳೆದು, ಫೋಟೊ ಸಮೇತ ವರದಿ ಕೊಡುತ್ತಾರೆ. ದುಡ್ಡು ಕೊಟ್ಟ ಮೇಲೆ ಬಂದ ವರದಿಯಿಂದ ಏನೂ ಉಪಯೋಗ ಇಲ್ಲ.

ಕಾಲವನ್ನೂ ಗಮನಿಸಿ. ಜನವರಿ ಕೊನೆ-ಫೆಬ್ರುವರಿಯಲ್ಲಿ ಬರುವ ಚೀನೀ ಹೊಸ ವರ್ಷಕ್ಕೆ ಫ್ಯಾಕ್ಟರಿಗಳು ವಾರಗಟ್ಟಲೆ ಮುಚ್ಚುತ್ತವೆ. ಅಕ್ಟೋಬರ್ ಮೊದಲ ವಾರವೂ ರಜೆ. ರಜೆಗೆ ಮುಂಚೆ ಅವಸರದಲ್ಲಿ ಮುಗಿಸಿದ ಮಾಲಲ್ಲಿ ಡ್ಯಾಮೇಜ್ ಜಾಸ್ತಿ. ದೀಪಾವಳಿ ಮಾಲಿನ ಆರ್ಡರ್ ಮೇ-ಜೂನ್‌ನಲ್ಲೇ ಹೋಗಬೇಕು.

ಹಂತ 10: ಬಿಡಿಸಿಕೊಳ್ಳುವುದು

ಬೆಂಗಳೂರು ಕಡೆಯವರಿಗೆ ಚೆನ್ನೈ ಬಂದರು, ಅಲ್ಲಿಂದ ಲಾರಿ. ತುಂಬು ಕಂಟೇನರ್ ಆದರೆ ವೈಟ್‌ಫೀಲ್ಡ್‌ನ ಒಳನಾಡು ಕಂಟೇನರ್ ಡಿಪೋಗೇ ತರಿಸಿಕೊಂಡು ಇಲ್ಲೇ ಬಿಡಿಸಬಹುದು. ಹುಬ್ಬಳ್ಳಿ, ಬೆಳಗಾವಿ ಕಡೆಯವರು ಮುಂಬಯಿಯ ನಾವಾ ಶೇವಾ ಕೂಡ ಲೆಕ್ಕ ಹಾಕಿ ನೋಡಿ.

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬಿಲ್ ಆಫ್ ಲೇಡಿಂಗ್ ಮೂರರಲ್ಲೂ ಸಂಖ್ಯೆ, ತೂಕ ಒಂದೇ ಇರಬೇಕು. ಹಡಗು ಹೊರಟ ದಿನವೇ ಇವನ್ನು ಸಿಎಚ್‌ಎಗೆ ಕಳಿಸಿ. ಬಿಲ್ ಆಫ್ ಎಂಟ್ರಿಯನ್ನು ಹಡಗು ಬರುವ ಹಿಂದಿನ ದಿನದೊಳಗೆ ಸಲ್ಲಿಸಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ರೂಪಾಯಿ. ಗೋದಾಮಿನ ಬಾಡಿಗೆ ಬೇರೆ. ಹೊಸ ಆಮದುದಾರರ ಮಾಲನ್ನು ತೆರೆದು ನೋಡುವ ಸಾಧ್ಯತೆ ಜಾಸ್ತಿ, ಅದಕ್ಕೆ ಎರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಡ್ಯೂಟಿಯನ್ನು ನಿಮ್ಮ ಖಾತೆಯಿಂದಲೇ ಕಟ್ಟಿ, ಏಜೆಂಟ್ ಕೈಗೆ ನಗದು ಕೊಡಬೇಡಿ. ಲಾರಿ ಹೊರಡುವ ಮುಂಚೆ ಇ-ವೇ ಬಿಲ್ ಆಗಿರಲಿ.

ಮಾಲು ಅಂಗಡಿಗೆ ಬಂದಾಗ ಪೆಟ್ಟಿಗೆ ಒಡೆಯುವುದನ್ನು ವಿಡಿಯೊ ಮಾಡಿ, ಎತ್ತಿಟ್ಟ ಸ್ಯಾಂಪಲ್ ಪಕ್ಕದಲ್ಲಿಟ್ಟುಕೊಂಡು ಅದೇ ವಾರ ದೂರು ಕಳಿಸಿ. ಪರಿಹಾರವಾಗಿ ದುಡ್ಡು ವಾಪಸ್ ಬರುವುದು ಅಪರೂಪ, ಮುಂದಿನ ಆರ್ಡರ್‌ನಲ್ಲಿ ಕಡಿತ ಕೇಳುವುದೇ ವ್ಯವಹಾರ.

ಎರಡು ಕೆಲಸ ಇನ್ನೂ ಬಾಕಿ. ಐಜಿಎಸ್‌ಟಿ ಮೊತ್ತ ಜಿಎಸ್‌ಟಿ ಪೋರ್ಟಲ್‌ನ ಕ್ರೆಡಿಟ್ ಪಟ್ಟಿ ಜಿಎಸ್‌ಟಿಆರ್-2ಬಿಯಲ್ಲಿ ಬಂತಾ ಅಂತ ನೋಡಿ, ಬರದಿದ್ದರೆ ಬಿಲ್ ಆಫ್ ಎಂಟ್ರಿ ನಂಬರ್ ಕೊಟ್ಟು ಆಡಿಟರ್ ಹತ್ತಿರ ಹುಡುಕಿಸಿ. ದುಡ್ಡು ಕಳಿಸಿದ ಬ್ಯಾಂಕ್ ಶಾಖೆಗೂ ಬಿಲ್ ಆಫ್ ಎಂಟ್ರಿ ಕೊಟ್ಟು, ನೀವು ಕಳಿಸಿದ ಎರಡೂ ಕಂತಿಗೆ ಅದನ್ನು ಐಡಿಪಿಎಂಎಸ್‌ನಲ್ಲಿ (ಆಮದು ಪಾವತಿಯ ಮೇಲೆ ಕಣ್ಣಿಡುವ ಆರ್‌ಬಿಐ ವ್ಯವಸ್ಥೆ) ಹೊಂದಿಸಲು ಹೇಳಿ. ಇದು ಬಾಕಿ ಉಳಿದರೆ ಮುಂದಿನ ಆರ್ಡರ್‌ನ ಅಡ್ವಾನ್ಸ್ ಕಳಿಸಲು ಹೋದಾಗ ಬ್ಯಾಂಕಿನವರು ಹಳೆಯದನ್ನು ಮೊದಲು ಮುಗಿಸಿ ಬನ್ನಿ ಅನ್ನುತ್ತಾರೆ.